ಅರ್ಧ ಮಾತ್ರೆ

ಸವರಿರಾಯನ್ ಕದ್ದದ್ದು ನನಗೆ ಗೊತ್ತು.
ಕದ್ದ ಮಾಲಿಗೆ ತಾಳ ಹಾಕಿದವನು ನಾನೇ,
ಕೋಡಂಬಾಕ್ಕಂನ ಆ ಉದ್ದನೆ ಹಾಲಿನಲ್ಲಿ
ಫ್ಯಾನು ನಿಲ್ಲಿಸಿ, ಬೆವರು ಒರೆಸದೆ,
ಬಾಂಗೋ ಎರಡನ್ನೂ ಮೊಣಕಾಲ ನಡುವೆ ಇರುಕಿಕೊಂಡು.

ಅವನು ತೂತುಕುಡಿಯ ಇಗರ್ಜಿಯಲ್ಲಿ
ಐದು ಗೆರೆಯ ಮೇಲೆ ಸ್ವರ ಕೂರಿಸಲು ಕಲಿತವನು.
ಏನು ಕಿವಿಗೆ ಬಿದ್ದರೂ ಬರೆದುಬಿಡುತ್ತಿದ್ದ:
ರೈಲು, ಕಾಗೆ, ಪಕ್ಕದ ಮನೆಯ ಜಗಳ.
ಅದಕ್ಕೇ ಮಾಸ್ಟರು ಅವನನ್ನು ಇಟ್ಟುಕೊಂಡದ್ದು.
ಮೂರ್ ಮಾರ್ಕೆಟ್ಟಿನ ಹಳೇ ಗುಡ್ಡೆಯಿಂದ
ಹಡಗಿನವರು ಮಾರಿಹೋದ ಪ್ಲೇಟು ತಂದು
ರಾತ್ರಿ ಅವನ ಕೈಗಿಡುವರು;
ಬೆಳಗ್ಗೆ ಹತ್ತಕ್ಕೆ ನಾವು ಇಪ್ಪತ್ತೆರಡು ಜನ
ಅದನ್ನು ತಮಿಳು ಮಾಡುತ್ತಿದ್ದೆವು.

ಆ ಸಲದ ಪ್ಲೇಟಿನ ಮೇಲೆ ಕೆಂಪು ಚೀಟಿ,
ಯಾವ ದೇಶದ್ದೋ ಕೊಕ್ಕೆ ಕೊಕ್ಕೆ ಅಕ್ಷರ.
ಒಬ್ಬ ಹೆಂಗಸು, ಒಂದು ಅಕಾರ್ಡಿಯನ್,
ಮೂರು ಮೂರರ ನಡೆ, ಜೋಕಾಲಿಯ ಹಾಗೆ.
ಎರಡನೇ ಸಾಲಿನ ತುದಿಯಲ್ಲಿ ಮಾತ್ರ
ದನಿ ಪಂಚಮದಿಂದ ತಟ್ಟನೆ ಹಾರಿ
ಮೇಲಿನ ಷಡ್ಜದಲ್ಲಿ ನಿಲ್ಲುತ್ತಿತ್ತು.
ನಡುವಿನ ಅರ್ಧ ಮಾತ್ರೆ ಮಾಯ.

"ಇದೇನಪ್ಪಾ, ಅರ್ಧ ಎಲ್ಲಿ ಹೋಯಿತು?"
"ಪ್ಲೇಟಿನಲ್ಲಿ ಹಾಗೇ ಇದೆ."
"ಗೀರು ಬಿದ್ದಿರಬೇಕು ಮಾರಾಯ, ಮುಳ್ಳು ಹಾರಿದೆ."
"ಹನ್ನೊಂದು ಸಲ ಕೇಳಿದೆ. ಹನ್ನೊಂದು ಸಲವೂ ಹಾರಿತು."
ಗೀರಾದರೂ ಹನ್ನೊಂದು ಸಲ ಹಾರುತ್ತದಲ್ಲವೇನೋ
ಅನ್ನುವಷ್ಟರಲ್ಲಿ ಕೆಂಪು ದೀಪ ಹತ್ತಿತು.

ಹದಿನಾಲ್ಕು ಟೇಕು. ಹನ್ನೆರಡು ಕೆಡಿಸಿದ್ದು ನಾನು.
ಕೊನೆಗೆ ಹಾಡುವಾಕೆಯೇ ದಾರಿ ಕಂಡಳು:
ಆ ಹಳ್ಳದಲ್ಲಿ ಒಂದು ಉಸಿರು ನುಂಗಿದಳು.
ಅತ್ತು ಮುಗಿಸಿದ ಮಗು ಬಿಕ್ಕುತ್ತದಲ್ಲ, ಅಷ್ಟೇ.

ಆಮೇಲೆ ಕೇಳಬೇಕೆ!
ಆ ಒಂದು ಬಿಕ್ಕಿಗೆ ಮದುರೈಯಲ್ಲಿ ಪರದೆಗೆ ನಾಣ್ಯ ಎಸೆದರು.
ಪಿನಾಂಗಿನಿಂದ ಕಾಗದ ಬಂತು.
ಮದುವೆಮನೆಯ ನಾದಸ್ವರದವರು
ಅಲ್ಲಿ ಕೆನ್ನೆಯುಬ್ಬಿಸಿ, ತಡೆದು, ಬಿಡುತ್ತಿದ್ದರು.
ಕದಿಯಬೇಡ ಎಂದು ಭಾನುವಾರ ಬೋಧಿಸಿದ ಪಾದ್ರಿ
ಸೋಮವಾರ ಸೈಕಲ್ ಮೇಲೆ ಅದನ್ನೇ ಶಿಳ್ಳೆ ಹಾಕಿದರಂತೆ.
ಪತ್ರಿಕೆಯವನೊಬ್ಬ ಮೂಲ ಹಿಡಿದು ಬರೆದಾಗ
ಕಳ್ಳನ ಮನಸ್ಸು ಹುಳ್ಳುಳ್ಳಗೆ,
ಮಾಸ್ಟರು ವಾರವಿಡೀ ಮನೆಯಿಂದ ಹೊರಬೀಳಲಿಲ್ಲ.
ಜನ ಓದಿದರು,
ಅದರಲ್ಲೇ ಬೋಂಡಾ ಕಟ್ಟಿಸಿಕೊಂಡರು,
ಹಾಡಿಕೊಂಡು ಹೋದರು.

ಈಗ ಮಾಸ್ಟರೂ ಇಲ್ಲ, ಆಕೆಯೂ ಇಲ್ಲ.
ಸಾಲಿಗ್ರಾಮಂನ ಮೂರನೇ ಮಹಡಿಯಲ್ಲಿ ನಾವಿಬ್ಬರು,
ರಕ್ತದೊತ್ತಡಕ್ಕೆ ನನಗೂ ಬೆಳಗ್ಗೆ ಅರ್ಧ ಮಾತ್ರೆ.
ಮೊನ್ನೆ ಅವನ ಮೊಮ್ಮಗಳು ಜೆಸಿಂತಾ
ಫೋನು ಹಿಡಿದು ಓಡಿಬಂದಳು:
"ತಾತಾ, ಸಿಕ್ಕಿತು! ತೊಳೆದು ಶುದ್ಧ ಮಾಡಿಟ್ಟಿದ್ದಾರೆ."

ಅದೇ ಹೆಂಗಸು. ಅದೇ ಅಕಾರ್ಡಿಯನ್.
ಎರಡನೇ ಸಾಲು ಬಂತು.
ಪಂಚಮದಿಂದ ಧೈವತ, ಧೈವತದಿಂದ ನಿಷಾದ,
ಕಂಬಿ ಹಿಡಿದು ಮೆಟ್ಟಿಲು ಹತ್ತುವವಳ ಹಾಗೆ
ಒಂದೂ ಬಿಡದೆ ಷಡ್ಜಕ್ಕೆ ಹೋಗಿ ಸೇರಿದಳು.
ನನ್ನ ಅರ್ಧ ಮಾತ್ರೆ!
ಐವತ್ತೊಂಬತ್ತು ವರ್ಷ ಅಲ್ಲೇ ಕೂತಿತ್ತು.

"ಪಾಪ," ಅಂದ ಸವರಿರಾಯನ್,
"ಇವಳಿಗೆ ಅದು ಬಂದೇ ಇಲ್ಲ."

ಹುಡುಗಿ ನಕ್ಕಳು. ನನಗೆ ನಗು ಬರಲಿಲ್ಲ.
ಯಾರ ಉಗುರು ಗೀರಿತ್ತೋ ಆ ಪ್ಲೇಟನ್ನು,
ಹಡಗಿನ ಅಡುಗೆಯವನ ಉಂಗುರವೋ,
ಕಡಲೆದ್ದ ರಾತ್ರಿ ಉರುಳಿಬಿದ್ದ ಪೆಟ್ಟಿಗೆಯೋ,
ಗುಡ್ಡೆ ಕೆದಕಿದ ಯಾರದೋ ಮಗುವೋ.
ತಂದದ್ದನ್ನೆಲ್ಲ ತಂದಲ್ಲಿಗೇ ಮುಟ್ಟಿಸಿದರೂ
ಆ ಗೀರೊಂದು ಉಳಿದುಬಿಡುತ್ತದೆ.
ಅದನ್ನು ಯಾರ ಮನೆಗೆ ಕೊಂಡೊಯ್ಯಲಿ?

ಜೆಸಿಂತಾ ಮತ್ತೆ ಹಾಕಿದಳು.
ಎರಡನೇ ಸಾಲಿನ ತುದಿಗೆ ಬರುತ್ತಲೇ
ಕುರ್ಚಿಯ ತೋಳಿನಿಂದ ಅವನ ತೋರುಬೆರಳು
ತಟ್ಟನೆ ಮೇಲೆದ್ದು
ಗಾಳಿಯಲ್ಲಿ ಕಾಯುತ್ತ ನಿಂತಿತು,
ಆ ಹೆಂಗಸು
ಒಂದೊಂದೇ ಮೆಟ್ಟಿಲು ಹತ್ತಿ ಬರುವ ತನಕ.